ಪಂಗಿ ಬೀಜದ ಒಂಬತ್ತನೆಯ ದಿನ

ಇನಾ,

ಆ ದಿನ ಹೊಳೆಯಲ್ಲಿ ನಾನು ನಿನ್ನನ್ನು ನೋಡಿದೆ, ಅಮ್ಮಾ. ಮೂರು ವರ್ಷ ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಸುಗ್ಗಿಹಬ್ಬಕ್ಕೆ ಇನ್ನೂ ಮೂರು ವಾರ ಇತ್ತು. ನೀನು ಮೊಣಕಾಲುದ್ದ ನೀರಿಗಿಳಿದು, ಬಂಡೆಗಳ ನಡುವೆ ಬೆತ್ತದ ಹಗ್ಗದಿಂದ ಬಿಗಿದಿದ್ದ ಬುಟ್ಟಿಯನ್ನು ಎತ್ತಿ, ಪಂಗಿ ಬೀಜದ ತುಂಡುಗಳನ್ನು ಮೂಸಿ ನೋಡಿ, ಇನ್ನೊಂದು ಸಲ ಮೂಸಿ ನೋಡಿ, ಮನೆಯ ಕಡೆ ಹೊತ್ತುಕೊಂಡು ಹೋದೆ. ವಿಷ ಬಿಡಲು ಹದಿನಾಲ್ಕು ದಿನ ಹರಿಯುವ ನೀರಿನಲ್ಲಿ ಇರಬೇಕಾದ ಬೀಜಕ್ಕೆ ಅದು ಒಂಬತ್ತನೆಯ ದಿನ.

ನಾನು ಆಚೆ ದಡದ ಲಿಪೊಸು ಮರದ ಮೇಲಿದ್ದೆ. ಗದ್ದೆಯಲ್ಲಿ ಕಳೆ ಕೀಳಲು ಹೋಗುತ್ತೇನೆಂದು ನಿನಗೆ ಹೇಳಿ ಬಂದವಳು, ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಹುಳಿಹಣ್ಣು ಸುಲಿದು ತಿನ್ನುತ್ತಿದ್ದೆ. ಕೆಳಗಿಳಿದರೆ ಕಳೆ ಕೀಳದ ಕಳ್ಳತನ ಹೊರಬೀಳುತ್ತಿತ್ತು. ಹಾಗಾಗಿ ಉಸಿರು ಬಿಗಿಹಿಡಿದು ಕೂತೆ. ನನ್ನ ತಪ್ಪು ಇಷ್ಟು. ಮೊದಲು ಅದನ್ನು ಬರೆದುಬಿಟ್ಟರೆ ಮಿಕ್ಕದ್ದನ್ನು ಬರೆಯಲು ಕೈ ಬರುತ್ತದೆ.

ಈ ಕಾಗದವನ್ನು ನೀನೇ ಓದು. ತಂಗಿ ಮೆರ್ಲಿನ್ ಕೈಯಲ್ಲಿ ಓದಿಸಬೇಡ. ನಿನಗೆ ಓದಲು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದೆ, ಅದಕ್ಕೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಮೂರನೆಯ ಫಾರ್ಮಿಗೆ ಶಾಲೆ ಬಿಟ್ಟವಳ ಬರಹ, ತಪ್ಪು ಇದ್ದರೆ ಇರಲಿ.

ಶಾಲೆ ಬಿಟ್ಟದ್ದಕ್ಕೆ ಊರಿನವರು ನೂರು ಕಾರಣ ಹೇಳಿದರು, ನೀನು ಒಂದನ್ನೂ ನಂಬಲಿಲ್ಲ. ಅದಕ್ಕೆ ನಾನು ನಿನಗೆ ಋಣಿ. ವಿಜ್ಞಾನದ ಪರೀಕ್ಷೆಯಲ್ಲಿ ವಿಷದ ಗಿಡಗಳನ್ನು ಪಟ್ಟಿ ಮಾಡಿ ಎಂದಿತ್ತು. ಎಲ್ಲರೂ ಪಂಗಿ ಎಂದು ಬರೆದರು. ನಾನು ಪಂಗಿಯನ್ನು ಹೇಗೆ ಬೇಯಿಸಿ, ಚಿಪ್ಪೊಡೆದು, ಹೆಚ್ಚಿ, ಹೊಳೆಗೆ ಬಿಟ್ಟು, ಒಣಗಿಸಿ, ತುರಿದು, ಮೀನಿಗೆ ಬೆರೆಸಿ ಜಾಡಿಗೆ ತುಂಬುತ್ತಾರೆ ಎಂದು ಎರಡು ಪುಟ ಬರೆದೆ. ಕೊನೆಗೆ ‘ಇದು ಊಟ, ವಿಷವಲ್ಲ’ ಎಂದೂ ಬರೆದೆ. ಮೇಷ್ಟ್ರು ಸೊನ್ನೆ ಕೊಟ್ಟು, ಕ್ಲಾಸಿನ ಮುಂದೆ ಓದಿಸಿ ನಗಿಸಿದರು. ಮನೆಗೆ ಬಂದು ಇನ್ನು ಹೋಗುವುದಿಲ್ಲ ಎಂದೆ. ನೀನು ಒಲೆಯ ಮುಂದಿನಿಂದ ತಲೆ ಎತ್ತದೆ, “ಎರಡು ಪುಟದಲ್ಲಿ ಉಪ್ಪು ಯಾವಾಗ ಹಾಕ್ಬೇಕು ಅಂತ ಬರ್ದಿದ್ಯೇನೇ?” ಎಂದು ಕೇಳಿದೆ. ನಾನು ಬರೆದಿರಲಿಲ್ಲ. “ಹಂಗಾದ್ರೆ ಸೊನ್ನೆ ಸರಿಯಾಗೇ ಇದೆ ಬಿಡು,” ಅಂದೆ ನೀನು. ಇಬ್ಬರೂ ನಕ್ಕೆವು. ಮರುದಿನದಿಂದ ನಾನು ನಿನ್ನ ಜೊತೆ ಸಂತೆಗೆ ಬಂದೆ.

ತಂಬುನಾನಿನ ಗುರುವಾರದ ಸಂತೆಯಲ್ಲಿ ನಿನ್ನಂಥ ಇನ್ನೊಬ್ಬಳು ಇರಲಿಲ್ಲ. ಬೇರೆಯವರು ಕುಂಬಳಕಾಯಿ, ಶುಂಠಿ ಇಟ್ಟು ಕೂತರೆ ನೀನು ಹೊರಗಿನವರು ಮೂಗು ಮುಚ್ಚಿಕೊಳ್ಳುವಂಥದ್ದನ್ನೇ ಆರಿಸಿ ಇಡುತ್ತಿದ್ದೆ. ಕಾಡುಶುಂಠಿಯ ಎಳೆ ದಂಟನ್ನು ಸಣ್ಣಗೆ ಕೊಚ್ಚಿ ಮೆಣಸು, ನಿಂಬೆಹಣ್ಣಿನ ಹುಳಿ ಹಾಕಿದ ತುಹಾವ್. ಕಂದು ಸಿಪ್ಪೆಯ ಕಾಡುಮಾವು, ಅದರ ಓಟೆಯನ್ನೇ ತುರಿದು ಅದಕ್ಕೇ ಬೆರೆಸಿದ ಉಪ್ಪಿನಕಾಯಿ. ಸಾಗು ಮರದ ತಿರುಳಿನಲ್ಲಿ ಕೊಬ್ಬಿದ ಹುಳು, ತಟ್ಟೆಯಲ್ಲಿ ಜೀವಂತ. ಎಲ್ಲಕ್ಕೂ ಹಿಂದೆ ಬಟ್ಟೆ ಕಟ್ಟಿದ ಜಾಡಿ, ಮೀನಿಗೆ ಪಂಗಿ ಬೆರೆಸಿದ ನಮ್ಮ ಬೊಸೌ. ಸಂಡಕಾನಿನ ಲಾರಿ ಡ್ರೈವರ್ ಒಬ್ಬ ನೆನಪಿದ್ದಾನಾ? ತುಹಾವ್ ಮೂಸಿ, “ಅಯ್ಯೋ, ತಿಗಣೆ ಒಸಕಿದಂಗಿದೆಯಲ್ಲ ಅಕ್ಕಾ!” ಎಂದು ಹಾರಿಬಿದ್ದ. ನೀನು ಬೆರಳಿನಲ್ಲಿ ಒಂದಿಷ್ಟು ತೆಗೆದು ಮೊದಲು ನಿನ್ನ ಬಾಯಿಗೆ ಹಾಕಿಕೊಂಡೆ. ನಿಧಾನವಾಗಿ ಅಗಿದು, ಎಲೆಯ ಮೇಲೆ ಅವನಿಗೊಂದಿಷ್ಟು ಇಟ್ಟು, “ಮೂಗಿನ ಮಾತು ಕೇಳ್ತಾ ಕೂತ್ರೆ ನಾಲಗೆ ಉಪವಾಸ ಬೀಳತ್ತಪ್ಪಾ,” ಅಂದೆ. ಅವನು ಕಣ್ಣು ಮುಚ್ಚಿ ತಿಂದ. ಆಮೇಲೆ ಲಾರಿಯಿಂದ ಗೆಳೆಯನನ್ನು ಎಳೆದುಕೊಂಡು ಬಂದ.

ಹಾಗೆ ಬಾಯಿ ಗೆಲ್ಲುವುದನ್ನು ನೋಡುವುದೇ ನನಗೊಂದು ಹುಚ್ಚಾಯಿತು. ಹಿಡಿದದ್ದು ಯಾವುದೂ ನಿಲ್ಲದ ನನ್ನ ಕೈಯಲ್ಲಿ ಅದೊಂದು ನಿಂತಿತು. ವಾರಕ್ಕೆ ಮೂರು ದಿನ ಗುಡ್ಡ ಅಲೆದೆ. ಯಾವ ಜರೀಗಿಡದ ಚಿಗುರು ಕಹಿ ಬಿಟ್ಟುಕೊಡುತ್ತದೆ, ಯಾವ ಬಿದಿರ ಕಳಲೆಯನ್ನು ಹುಳಿ ಬರಿಸಿದರೆ ಹಂದಿಮಾಂಸಕ್ಕೆ ಸರಿಹೋಗುತ್ತದೆ ಎಂದು ಹುಡುಕಿ ತಂದು ನಿನ್ನ ಮುಂದೆ ಸುರಿಯುತ್ತಿದ್ದೆ. ನೀನು ಕೊಟ್ಟದ್ದು ಒಂದೇ ಕಟ್ಟಳೆ. ನಿನ್ನ ತಾಯಿ ನಿನಗೆ ಕೊಟ್ಟದ್ದು. ಮಾಡಿದವಳು ಮೊದಲು ತಿನ್ನಬೇಕು, ತಿನ್ನುವವರ ಎದುರಿಗೇ ತಿನ್ನಬೇಕು. ಆಮೇಲೆ ಅಕ್ಕಿಮದ್ಯದ ಬಟ್ಟಲು ಒಂದು ಸುತ್ತು ಬರಬೇಕು. ಆಮೇಲೇ ಉಳಿದವರು ಕೈ ಹಾಕಬೇಕು. ಪಂಗಿ ಇರುವ ಜಾಡಿಗಂತೂ ಅದು ತಪ್ಪಬಾರದು.

ದಿನ ಲೆಕ್ಕ ಹಾಕಲು ಅಡಿಗೆಮನೆಯ ಕಂಬಕ್ಕೆ ಬೆತ್ತದ ನಾರು ನೇತುಹಾಕುತ್ತಿದ್ದೆ. ಹದಿನಾಲ್ಕು ಗಂಟು. ಬೆಳಿಗ್ಗೆ ಎದ್ದವರು ಒಂದು ಬಿಚ್ಚಬೇಕು. ಆ ದಿನ ಬೆಳಿಗ್ಗೆ ಒಂಬತ್ತನೆಯ ಗಂಟನ್ನು ನಾನೇ ಬಿಚ್ಚಿದ್ದೆ. ಐದು ಉಳಿದಿದ್ದವು. ಮರದಿಂದ ಇಳಿದು ಸಂಜೆ ಮನೆಗೆ ಬಂದಾಗ ನಾರು ಬೋಳಾಗಿತ್ತು. ನೀನು ಬೀಜ ಒಣಹಾಕುತ್ತಿದ್ದೆ. ನಾನು ನಾರನ್ನು ನೋಡಿದೆ. ನೀನು ನನ್ನನ್ನು ನೋಡಲಿಲ್ಲ. “ಕಳೆ ಮುಗೀತಾ?” ಎಂದೆ ನೀನು. “ಹ್ಞೂಂ” ಎಂದೆ ನಾನು. ಇಬ್ಬರೂ ಒಂದೊಂದು ಸುಳ್ಳಿನ ಮೇಲೆ ಕೂತು ಆ ಸಂಜೆ ಊಟ ಮಾಡಿದೆವು.

ನನಗೆ ಅನುಮಾನ ಬರಲಿಲ್ಲವೇ ಎಂದು ನೀನು ಕೇಳಬಹುದು. ಬಂತು. ಆದರೆ ಹೊಳೆ ಆ ವರ್ಷ ತುಂಬಿ ಹರಿಯುತ್ತಿತ್ತು. ಜೋರು ನೀರಿಗೆ ಒಂಬತ್ತು ದಿನ ಸಾಕೇನೋ, ಇನಾಗೆ ತಿಳಿಯದ್ದು ನನಗೆ ತಿಳಿದೀತೇ ಅಂದುಕೊಂಡೆ. ಹಬ್ಬದ ಸಭಾಂಗಣದಿಂದ ಹನ್ನೆರಡು ಜಾಡಿ ಕೇಳಿದ್ದರು. ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದ, ಮನೆಗೆ ದುಡ್ಡು ಬೇಕಿತ್ತು. ಅವಸರಕ್ಕೆ ಕಾರಣ ಇತ್ತು ಎಂಬುದು ನನಗೂ ಗೊತ್ತು. ಅವಸರದ ಬಗ್ಗೆ ನಾನು ನಿನ್ನನ್ನು ದೂರುವುದಿಲ್ಲ. ಅದನ್ನು ನಾನೇ ದಿನಕ್ಕೆ ಹತ್ತು ಸಲ ಮಾಡುತ್ತೇನೆ.

ನನ್ನನ್ನು ಸುಡುವುದು ಹಬ್ಬದ ದಿನ ನೀನು ಮಾಡಿದ್ದು.

ಜಾಡಿ ತೆರೆದೆವು. ಊರಿನ ಮುಖ್ಯಸ್ಥ ಕೇತುವಾ ಗಿಂಬಾಂಗ್, ಅವರ ಹೆಂಡತಿ, ಮುದುಕ ಅಕಿ ಗನ್ಸೌ, ನೆರೆಮನೆಯವರು ಎಲ್ಲ ಚಾಪೆಯ ಮೇಲೆ ಸುತ್ತ ಕೂತಿದ್ದರು. ಅಕಿ ಗನ್ಸೌ ಎಂದಿನಂತೆ ತನ್ನ ಬಿದಿರ ವಾದ್ಯ ಸೊಂಪೊಟಾನ್ ಊದಿ ಕೆಳಗಿಟ್ಟು, “ಬೇಗ ತಿನ್ನು ಮಾರಾಯ್ತಿ, ನಿನ್ನ ಬಾಯಿ ನೋಡ್ತಾ ನಮ್ಮ ಹೊಟ್ಟೆ ಹಾಡ್ತಿದೆ,” ಎಂದರು. ನೀನು ಚಮಚ ತುಂಬಿದೆ. ಒಂದು ಗಳಿಗೆ ನಿಂತೆ. ಆಮೇಲೆ ನನ್ನ ಕಡೆ ತಿರುಗಿ ಚಮಚವನ್ನು ನನ್ನ ಕೈಗೆ ಕೊಟ್ಟು ಎಲ್ಲರಿಗೂ ಕೇಳುವಂತೆ ಹೇಳಿದೆ: “ಈ ಸಲ ಮಾಡಿದೋಳು ನನ್ ಮಗಳು. ಇವಳೇ ಮೊದ್ಲು ತಿನ್ಲಿ.”

ಜನ ಹೋ ಎಂದರು. ಹದಿನಾರನೆಯ ವಯಸ್ಸಿಗೆ ಜಾಡಿಯ ಒಡತಿ ಅನ್ನಿಸಿಕೊಂಡವಳು ನಮ್ಮ ಊರಿನಲ್ಲಿ ಯಾರಿದ್ದಾರೆ? “ಶಾಲೆ ಬಿಟ್ಟಿದ್ದು ಸಾರ್ಥಕ ಆಯ್ತಲ್ಲೇ ಜೊವಿ!” ಎಂದು ಕೇತುವಾನ ಹೆಂಡತಿ ನನ್ನ ಬೆನ್ನಿಗೆ ಗುದ್ದಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಹೊಳೆ ಮರೆತುಹೋಯಿತು, ಬೋಳು ನಾರು ಮರೆತುಹೋಯಿತು. ತಿಂದೆ. ಬಟ್ಟಲು ಒಂದು ಸುತ್ತು ಬಂತು. ಅಕಿ ಗನ್ಸೌ ಎರಡು ಚಮಚ ತಿಂದರು. ನಾನು ನಗುತ್ತಾ ಅವರಿಗೆ ಮೂರನೆಯದನ್ನು ಬಡಿಸಿದೆ.

ಗಂಟೆಯೊಳಗೆ ಏಳು ಜನ ವಾಂತಿ ಮಾಡುತ್ತಿದ್ದೆವು. ಅದರಲ್ಲಿ ನಾನೂ ಒಬ್ಬಳು. ನೀನು ಇರಲಿಲ್ಲ. ನೀನು ಅನ್ನ ಬಡಿಸುತ್ತಿದ್ದೆ, ಜಾಡಿ ಮುಟ್ಟಿರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾನು ತಿರುಗಿಸಿ ತಿರುಗಿಸಿ ನೋಡುತ್ತಿರುವುದು ಆ ಒಂದು ಗಳಿಗೆಯನ್ನು. ಚಮಚ ತುಂಬಿ ನೀನು ನಿಂತೆಯಲ್ಲ, ಆಗ ನಿನಗೆ ಏನು ಹೊಳೆಯಿತು? ಮಗಳಿಗೆ ಗೌರವ ಕೊಡಬೇಕೆಂದೇ? ಅಥವಾ ನಿನ್ನ ಬಾಯಿಗೆ ಹೆದರಿಕೆಯಾಗಿ ನನ್ನ ಬಾಯಿ ನೆನಪಾಯಿತೇ? ಆ ಹೊತ್ತಿನಲ್ಲಿ ನಿನ್ನ ಮುಖ ಹೇಗಿತ್ತು ಎಂದು ಜ್ಞಾಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬರುವುದಿಲ್ಲ. ನಾನು ನಿನ್ನ ಮುಖ ನೋಡಲೇ ಇಲ್ಲ. ಚಮಚ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ನೀನು ಎರಡು ದಿನ ನನ್ನ ಹಾಸಿಗೆ ಬಿಟ್ಟು ಕದಲಲಿಲ್ಲ. ನನ್ನ ಬಾಯಿ ಒರೆಸಿದೆ, ಪಾದ ತಿಕ್ಕಿದೆ. ನಾನು ಕಣ್ಣು ಬಿಟ್ಟಾಗಲೆಲ್ಲ ನೀನು ಅಳುತ್ತಿದ್ದೆ. ಆ ಅಳು ನಿಜವಾದದ್ದು ಎಂದು ನಾನು ನಂಬುತ್ತೇನೆ. ಪೂರ್ತಿ ಕೆಟ್ಟವಳೆಂದು ನಿನ್ನನ್ನು ದ್ವೇಷಿಸಿಬಿಟ್ಟಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಆಮೇಲೆ ಕೇತುವಾನ ಜಗಲಿ. ಜನರನ್ನು ಬಿಸಿ ಮಾಡಿದ ತಪ್ಪಿಗೆ ತಂಪು ಮಾಡುವ ಸೊಗಿತ್ ದಂಡ ಕೊಡಬೇಕು, ಕೊಡಬೇಕಾದವರು ಯಾರು ಎಂದು ತೀರ್ಮಾನವಾಗಬೇಕು. ಕೇತುವಾ ಗಿಂಬಾಂಗ್ ಕೇಳಿದ್ದು ಒಂದೇ ಪ್ರಶ್ನೆ: “ಹೊಳೆಯಿಂದ ಬೀಜ ಎತ್ತಿದ್ದು ಯಾರು?” ಇನ್ನೂ ತಲೆ ಸುತ್ತುತ್ತಿದ್ದ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ನೀನು ಹೇಳುತ್ತೀಯೆಂದು ಕಾದೆ. ನೀನು ನೆಲ ನೋಡುತ್ತಾ, “ಹುಡುಗಿ ಕೈ ಅಲ್ವಾ ಕೇತುವಾ. ಅವಸರ,” ಅಂದೆ.

ಅಷ್ಟೇ. ನನ್ನ ಹೆಸರನ್ನೂ ಎತ್ತಲಿಲ್ಲ. ಆದರೆ ಜಗಲಿಯ ಅಷ್ಟೂ ಮುಖ ನನ್ನ ಕಡೆ ತಿರುಗಿತು, ಯಾರಿಗೂ ಆಶ್ಚರ್ಯವಾಗಲಿಲ್ಲ. ಶಾಲೆಯಲ್ಲಿ ನಿಲ್ಲದವಳು, ಗದ್ದೆಯಲ್ಲಿ ನಿಲ್ಲದವಳು, ಹದಿನಾಲ್ಕು ದಿನ ಕಾದಾಳೇ? ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆ ಎಂದರೆ, ನೀನು ಇಂದಲ್ಲ ನಾಳೆ ಇದನ್ನು ಸರಿಪಡಿಸುತ್ತೀಯೆಂದು ನಂಬಿದ್ದೆ. ನಮ್ಮ ಹಂದಿ ಹೋಯಿತು. ಎಲ್ಲರೂ ತಂಪಾದರು. ಅಕಿ ಗನ್ಸೌ ಕೈ ಮಾತ್ರ ನಡುಗುತ್ತಾ ಉಳಿಯಿತು. ಸೊಂಪೊಟಾನಿನ ನಾಲಗೆ ಕೆತ್ತಲು ಬೇಕಾದ ಸಣ್ಣ ಚಾಕುವನ್ನು ಆಮೇಲೆ ಅವರಿಗೆ ಹಿಡಿಯಲಾಗಲಿಲ್ಲ.

ನನ್ನ ಕೈಯಿಂದ ಯಾರೂ ತಿನ್ನದಾದರು. ಸಂತೆಯಲ್ಲಿ ನಾನು ಎಲೆ ಚಾಚಿದರೆ ಗುರುತಿನವರು, “ಹೊಟ್ಟೆ ತುಂಬಿದೆ ಕಣಮ್ಮ,” ಎನ್ನುವರು. ತಮಾಷೆಯವರು, “ಮೊದ್ಲು ನಿನ್ನ ನಾಯಿಗೆ ಹಾಕು,” ಎನ್ನುವರು. ಆಗ ನೀನೇ ಒಂದು ದಾರಿ ಹುಡುಕಿದೆ. “ನೀನು ಹಿಂದೆ ಕೂತು ಮಾಡು, ನಾನು ಮುಂದೆ ಕೂತು ಮಾರ್ತೀನಿ. ಒಂದೆರಡು ತಿಂಗಳು, ಜನ ಮರೆಯೋವರ್ಗೂ.” ಒಂದೆರಡು ತಿಂಗಳು ಮೂರು ವರ್ಷವಾಯಿತು. ಗುಡ್ಡದಿಂದ ದಂಟು ತಂದವಳು ನಾನು, ಕೊಚ್ಚಿದವಳು ನಾನು, ಪಂಗಿಗೆ ಹದಿನಾಲ್ಕು ಗಂಟೂ ಬಿಚ್ಚಿ ಕಾದವಳು ನಾನು. ಒಂದು ಜಾಡಿಯೂ ಕೆಡಲಿಲ್ಲ. ಮುಂದೆ ಕೂತು ನೀನು ಮೊದಲ ತುತ್ತು ತಿಂದೆ, ಜನ ನಿನ್ನ ಕೈಗುಣ ಹೊಗಳಿದರು. ಕೆಟ್ಟ ಜಾಡಿ ನನ್ನದಾಯಿತು, ಒಳ್ಳೆಯವೆಲ್ಲ ನಿನ್ನವಾದವು. ಇದನ್ನೂ ಸಹಿಸಿದೆ, ಇನಾ. ತಿನ್ನುವವರು ನನಗೆ ಹಿಂದಿನಿಂದ ಕಾಣುತ್ತಿದ್ದರು. ಮೂಗು ಮುರಿದವರು ಎರಡನೆಯ ಸಲ ಕೈ ಚಾಚುವುದು ಕಾಣುತ್ತಿತ್ತು. ಅಷ್ಟು ಸಾಕೆಂದುಕೊಂಡೆ.

ಹೋದ ಶನಿವಾರದವರೆಗೆ.

ಸಭಾಂಗಣದಲ್ಲಿ ನಿನ್ನನ್ನು ವೇದಿಕೆ ಹತ್ತಿಸಿದರು. ಕೋಟಾ ಕಿನಾಬಾಲುವಿನಿಂದ, ಸಮುದ್ರದಾಚೆಯಿಂದ, ಜನ ಬಂದಿದ್ದರು, ನಮ್ಮ ಊಟದ ರುಚಿ ನೋಡಲು. ನನಗೆ ಸಂತೋಷವೇ ಆಗಿತ್ತು. ನೀನು ಮೈಕು ಹಿಡಿದು ಪಂಗಿಯ ಬಗ್ಗೆ ಹೇಳುತ್ತಾ ಹೇಳುತ್ತಾ, “ತಾಳ್ಮೆ ಬೇಕು. ನಮ್ ದೊಡ್ಡ ಹುಡುಗಿ ಒಂದ್ಸಲ ಅವಸರ ಮಾಡಿ ಅರ್ಧ ಊರನ್ನೇ ಆಸ್ಪತ್ರೆಗೆ ಕಳ್ಸಿದ್ಲು!” ಎಂದೆ. ಸಭೆ ನಕ್ಕಿತು. ನೀನೂ ನಕ್ಕೆ. ಜಗಲಿಯ ಮೇಲೆ ನೆಲ ನೋಡುತ್ತಾ ಹೇಳಿದ ಮಾತು ಈಗ ನಗೆಹನಿಯಾಗಿತ್ತು. ಎಷ್ಟು ಸಲ ಹೇಳಿ ನುಣುಪು ಮಾಡಿದ್ದೆ ಅದನ್ನು?

ಆಮೇಲೆ ಮೆರ್ಲಿನ್‌ಳನ್ನು ಕರೆದೆ. ಹದಿನಾಲ್ಕು ವರ್ಷದ ನನ್ನ ತಂಗಿ, ಮಣಿಸರ ಹಾಕಿಕೊಂಡು ಓಡಿ ಬಂದಳು. ನೀನು ಚಮಚ ತುಂಬಿ ಅವಳ ಕೈಗೆ ಕೊಟ್ಟು, “ಈ ಸಲ ಮಾಡಿದೋಳು ನನ್ ಚಿಕ್ಕ ಮಗಳು,” ಅಂದೆ. ನನಗೆ ಅಲ್ಲಿಯವರೆಗೆ ನೋಡಲಾಗದ್ದು ಆಗ ಕಂಡಿತು. ಅವಳ ಮುಖದ ಮೇಲೆ ನನ್ನ ಹದಿನಾರನೆಯ ವಯಸ್ಸಿನ ಹೆಮ್ಮೆ. ಕೂತಲ್ಲಿಂದ ಎದ್ದು ಕೂಗಿದೆ: “ಅದು ಅವಳು ಮಾಡಿದ್ದಲ್ಲ! ಮೆರ್ಲಿನ್, ತಿನ್ಬೇಡ!”

ಆ ಜಾಡಿಯಲ್ಲಿ ಏನೂ ಕೆಟ್ಟದ್ದಿರಲಿಲ್ಲ. ನಾನೇ ಮಾಡಿದ್ದು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೂಗಿದೆ. ಇಡೀ ಸಭೆ ನನ್ನನ್ನು ನೋಡಿತು. ನೀನು ನಗು ಬಿಡದೆ ಮೈಕಿನಲ್ಲಿ, “ನೋಡಿ, ಪಾಪ, ತನ್ ಜಾಡಿ ಭಯ ಇವಳಿಗೆ ಇನ್ನೂ ಹೋಗಿಲ್ಲ,” ಅಂದೆ. ಮತ್ತೆ ನಕ್ಕರು. ಮೆರ್ಲಿನ್ ತಿಂದಳು. ಈ ಸಲ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ, ಇನಾ. ಅದರಲ್ಲಿ ಹೆದರಿಕೆ ಇತ್ತು. ಜಾಡಿಯ ಹೆದರಿಕೆಯಲ್ಲ. ನನಗೆ ಗೊತ್ತಿದೆ ಎಂಬುದು ಆ ಹೊತ್ತಿಗೆ ನಿನಗೆ ಗೊತ್ತಾಯಿತು. ಗೊತ್ತಾದ ಮೇಲೂ ಆ ಮಾತು ಹೇಳಿದೆ.

ಮರುದಿನ ನಾನು ಅಕಿ ಗನ್ಸೌ ಮನೆಗೆ ಹೋದೆ. ನಿನ್ನನ್ನು ಕೇಳದೆ ಹೋದೆ. ಹೊಳೆ, ಮರ, ಗಂಟು, ಎಲ್ಲ ಹೇಳಿದೆ. ನನಗೆ ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. ನನ್ನ ಮೇಲೆ.

“ಅಲ್ವೇ, ಮೂರನೇ ಚಮಚ ಬಡಿಸ್ದೋಳು ನೀನೇ ಅಲ್ವೇನೇ? ನಿಂಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳೋದು ಬೇಡ, ಒಂದ್ಸಲ ಕೆಮ್ಮಿದ್ರೂ ಸಾಕಿತ್ತಲ್ಲೇ ನಂಗೆ!”

ನಾನು ಅಳಲಿಲ್ಲ. ಸರಿಯಾಗಿಯೇ ಹೇಳಿದ್ದರು. ಕೊನೆಗೆ ಅವರು, “ನಿನ್ನ ತಪ್ಪು ಬೇರೆ, ನಿಮ್ಮಮ್ಮನ ತಪ್ಪು ಬೇರೆ. ನಿಂದಕ್ಕೆ ಒಂದು ಕೋಳಿ ತಗೊಂಬಾ. ಕುಂಟಿದ್ದು ತರಬೇಡ, ನಂಗೆ ಕೈ ನಡುಗತ್ತೆ, ಕಣ್ಣು ಚೆನ್ನಾಗೇ ಇದೆ,” ಎಂದರು. ನನ್ನ ಕೆಂಪು ಹುಂಜವನ್ನು ಕೊಟ್ಟು ಬಂದೆ. ಎಲ್ಲಿ ಹೋಯಿತೆಂದು ನೀನು ಎರಡು ದಿನದಿಂದ ಹುಡುಕುತ್ತಿದ್ದೀಯಲ್ಲ, ಅಲ್ಲಿಗೆ ಹೋಯಿತು. ನಾನು ನಿಜವಾಗಿ ಮಾಡಿದ ತಪ್ಪಿಗೆ ನಾನು ಕೊಟ್ಟ ಮೊದಲ ಸೊಗಿತ್ ಅದು. ಕೊಟ್ಟ ಮೇಲೆ ಮೈ ಹಗುರಾಯಿತು, ಸುಳ್ಳು ಹೇಳುವುದಿಲ್ಲ.

ಅವರ ಹೆಂಡತಿ ಒಡು ಸೈನಿನ್ ಒಳಗಿನಿಂದ ಬೊಸೌ ಸೀಸೆ ತಂದರು. ಮೂರು ವರ್ಷದಿಂದ ನಿನ್ನ ಬಳಿ ಕೊಂಡು ಒಬ್ಬರೇ ತಿನ್ನುತ್ತಿದ್ದರಂತೆ. ಇವೆಲ್ಲ ನಾನು ಮಾಡಿದ್ದು ಎಂದೆ. “ಹೌದಾ? ಅದಕ್ಕೇ ಉಪ್ಪು ಒಂದ್ ಚೂರು ಕಮ್ಮಿ,” ಎಂದು ಮುಚ್ಚಳ ತೆಗೆದರು. ನಾನು ಅವರಿಬ್ಬರ ಎದುರಿಗೆ ಮೊದಲ ತುತ್ತು ತಿಂದೆ. ಒಡು ಸೈನಿನ್ ತಿಂದರು. ಅಕಿ ಗನ್ಸೌ ತಿನ್ನಲಿಲ್ಲ. “ನನ್ ಕೈಲಿ ಆಗಲ್ಲ ಜೊವಿ. ಆದ್ರೆ ನೀನ್ ತಿಂದಿದ್ದನ್ನ ನೋಡ್ದೆ,” ಎಂದರು. ನನಗೆ ಅಷ್ಟು ಸಿಕ್ಕಿತು. ಅದಕ್ಕಿಂತ ಹೆಚ್ಚಿಗೆ ಕೇಳುವ ಹಕ್ಕು ನನಗಿರಲಿಲ್ಲ.

ಬೇರೆ ಯಾರಿಗೂ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವರೂ ಹೇಳುವುದಿಲ್ಲವಂತೆ. ಅವರ ಮನೆಯ ಬಾಗಿಲು ನಿನಗೆ ಗೊತ್ತು. ಹೋಗುವುದು ಬಿಡುವುದು ನಿನಗೆ ಸೇರಿದ್ದು. ಹೋದರೆ ಬರಿಗೈಯಲ್ಲಿ ಹೋಗಬೇಡ.

ಮೆರ್ಲಿನ್‌ಗೆ ಒಂದು ಮಾತು ಹೇಳಿದ್ದೇನೆ. ತಾನು ಮಾಡದ ಜಾಡಿಯ ಮೊದಲ ತುತ್ತನ್ನು ಯಾರು ಕೊಟ್ಟರೂ ತಿನ್ನಬೇಡ, ಇನಾ ಕೊಟ್ಟರೂ ತಿನ್ನಬೇಡ ಎಂದು. ಯಾಕೆ ಎಂದು ಕೇಳಿದಳು. ಇನಾಳನ್ನೇ ಕೇಳು ಎಂದೆ. ಕೇಳಿದರೆ ಅವಳಿಗೆ ಏನು ಹೇಳುತ್ತೀಯೆಂದು ಯೋಚಿಸಿಕೋ. ಅವಳು ನನ್ನ ಹಾಗೆ ಕಾಯುವವಳಲ್ಲ.

ನಾನು ರಾನಾವಿಗೆ ಹೋಗುತ್ತಿದ್ದೇನೆ. ಅಲ್ಲಿಯ ಸಂತೆಯಲ್ಲಿ ಉಪ್ಪಿನಕಾಯಿ ಮಾರುವ ಬಿಯಾಂತಿ ಅತ್ತೆ ತನ್ನ ಹಲಗೆಯ ಒಂದು ಮೂಲೆ ಬಿಟ್ಟುಕೊಡುತ್ತಾಳಂತೆ. ತಂಬುನಾನಿನ ಜಾಡಿಯ ಕಥೆ ಅವಳ ಕಿವಿಗೂ ಬಿದ್ದಿತ್ತು. “ಕೊಂದಿಲ್ವಲ್ಲ ಯಾರ್ನೂ? ಬಾ,” ಎಂದಳು. ಅಲ್ಲಿ ನಾನು ಮುಂದೆ ಕೂರುತ್ತೇನೆ. ಹೊಸಬರು ಮೂಗು ಮುಚ್ಚಿಕೊಂಡಾಗ ನಾನೇ ಮೊದಲು ತಿಂದು ತೋರಿಸುತ್ತೇನೆ. ಮಾಡಿದವರು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳುತ್ತೇನೆ. ಕಲಿಸಿದವರು ಯಾರು ಎಂದು ಕೇಳಿದರೆ ನಿನ್ನ ಹೆಸರನ್ನೂ ಹೇಳುತ್ತೇನೆ, ಅದು ನಿಜವಾದ್ದರಿಂದ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಈ ಕಾಗದದಲ್ಲಿ ಅದೊಂದೇ ಸುಳ್ಳಾಗುತ್ತದೆ. ಹಾಗಾಗಿ ಬರೆಯುವುದಿಲ್ಲ. ನೀನು ಬಂದು ಆ ಗಳಿಗೆಯ ವಿಷಯ ಹೇಳಿದರೆ, ಗೌರವವೋ ಹೆದರಿಕೆಯೋ, ಯಾವುದಾದರೂ ಸರಿ, ನಿಜ ಹೇಳಿದರೆ, ನಾನು ಕೂತು ಕೇಳುತ್ತೇನೆ. ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ.

ಕಾಡುಮಾವಿನ ಎರಡು ಜಾಡಿ ಮಂಚದ ಕೆಳಗಿವೆ, ಇನ್ನೊಂದು ವಾರ ಬಿಟ್ಟು ತೆಗೆ. ಬೆನ್ನುನೋವಿನಲ್ಲಿ ನೀನೊಬ್ಬಳೇ ಹೊಳೆಗೆ ಇಳಿಯಬೇಡ, ಮೆರ್ಲಿನ್‌ಳನ್ನು ಕರೆದುಕೋ. ಈ ಮನೆ ತಂಪಾಗಿರಲಿ. ನಿನ್ನ ಕೈಯಿಂದ ತಿಂದವರೆಲ್ಲ ಚೆನ್ನಾಗಿರಲಿ. ನೀನೂ ಹೊಟ್ಟೆತುಂಬ ತಿಂದು ಚೆನ್ನಾಗಿರು.

ನಾಳೆ ಬೆಳಿಗ್ಗೆ ಆರೂವರೆಯ ವ್ಯಾನಿಗೆ ಹೊರಡುತ್ತಿದ್ದೇನೆ.

ನಿನ್ನ ಹಿರಿಮಗಳು,
ಜೊವಿತಾ